ಉತಾರವಿಲ್ಲದವನ ಎಮ್ಮೆಗೆ ಪರಿಹಾರವೆಲ್ಲಿ?

(ಹಳಿಯಾಳದಲ್ಲಿ ನಡೆದ ಜಾನುವಾರು ಸಾಕಣೆದಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ದಾಂಡೇಲಿ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳಿಂದ ನಸುಕಿನಲ್ಲೇ ಹಾಲು ಕರೆದು ಮುಗಿಸಿ ಇಲ್ಲಿಗೆ ಬಂದಿರುವ ಸಹೋದರ ಸಹೋದರಿಯರೇ,

ಸಂಜೆಯ ಹಾಲಿನ ಹೊತ್ತಿಗೆ ನೀವು ಮನೆ ಸೇರಬೇಕೆಂಬುದು ನನಗೆ ತಿಳಿದಿದೆ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೆರೆ ನುಗ್ಗಿದಾಗ, ಗುಡ್ಡ ಕುಸಿದಾಗ ಸತ್ತ ಜಾನುವಾರಿಗೆ ಸರಕಾರ ಕೊಡುವ ಹಣವನ್ನು ನಾವೆಲ್ಲ 'ಪರಿಹಾರ' ಎನ್ನುತ್ತೇವೆ. ಪತ್ರಿಕೆಗಳು ಹಾಗೆ ಬರೆಯುತ್ತವೆ, ಮಂತ್ರಿಗಳು ಹಾಗೆ ಘೋಷಿಸುತ್ತಾರೆ. ಆದರೆ ವಿಪತ್ತು ನಿಧಿಯ ನಿಯಮಾವಳಿಯನ್ನು ಬಿಡಿಸಿ ಓದಿದರೆ ಅಲ್ಲಿರುವ ಮಾತು 'ನೆರವು' ಎಂದು ಮಾತ್ರ. ಪರಿಹಾರವೆಂದರೆ ಆದ ನಷ್ಟವನ್ನು ತುಂಬಿಕೊಡುವುದು. ನೆರವೆಂದರೆ ಬಿದ್ದವನ ಕಡೆಗೆ ಕೈ ಚಾಚುವುದು. ಎಷ್ಟು ಉದ್ದ ಚಾಚಬೇಕು, ಯಾರ ಕಡೆಗೆ ಚಾಚಬೇಕು ಎಂಬುದನ್ನು ಚಾಚುವವನೇ ನಿರ್ಧರಿಸುತ್ತಾನೆ. ಈ ಒಂದು ಪದದ ವ್ಯತ್ಯಾಸದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಸಾವಿರಾರು ಮನೆಗಳ ಬದುಕು ಸಿಕ್ಕಿಕೊಂಡಿದೆ.

ಮೊದಲು ಲೆಕ್ಕವನ್ನು ನೋಡೋಣ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು 2025–26ರವರೆಗಿನ ಅವಧಿಗಾಗಿ ಒಂದು ದರಪಟ್ಟಿಯನ್ನು ಹೊರಡಿಸಿತು. ಎಸ್‌ಡಿಆರ್‌ಎಫ್ ಎಂದು ಎಲ್ಲರ ಬಾಯಲ್ಲಿರುವ ರಾಜ್ಯದ ವಿಪತ್ತು ನಿಧಿಯಿಂದ ಹಣ ಹೊರಡುವುದು ಆ ಪಟ್ಟಿಯ ಪ್ರಕಾರ. ಕರ್ನಾಟಕದಂಥ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರದ ಪಾಲು ಶೇಕಡಾ 75, ರಾಜ್ಯದ್ದು ಶೇಕಡಾ 25. ಹಾಲು ಕೊಡುವ ಹಸು ಅಥವಾ ಎಮ್ಮೆ ಸತ್ತರೆ 37,500 ರೂಪಾಯಿ, ಉಳುವ ಎತ್ತು ಸತ್ತರೆ 32,000, ಕರುವಿಗೆ 20,000, ಕುರಿ ಅಥವಾ ಆಡಿಗೆ 4,000, ಕೋಳಿಗೆ ತಲೆಗೆ 100 ಎಂದು ಅದು ಹೇಳಿತು. ಅದಕ್ಕಿಂತ ಹಿಂದಿನ, 2015ರ ಪಟ್ಟಿಯಲ್ಲಿ ಎಮ್ಮೆಗೆ 30,000, ಎತ್ತಿಗೆ 25,000, ಕುರಿಗೆ 3,000 ಇತ್ತು. ಏರಿಕೆಯಾಗಿದೆ, ಇಲ್ಲವೆನ್ನಲಾಗದು. ಆದರೆ ಹುಬ್ಬಳ್ಳಿ–ಧಾರವಾಡದ ಸಂತೆಯಲ್ಲಿ ಗಬ್ಬದ ಎಮ್ಮೆಯೊಂದರ ಬೆಲೆ ವಿಚಾರಿಸಿ ಬರಿಗೈಯಲ್ಲಿ ಮರಳಿದವರು ಈ ಸಭೆಯಲ್ಲೇ ಇದ್ದೀರಿ. ಆ ಏರಿಕೆ ಎಷ್ಟರಮಟ್ಟಿನದು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ದರಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ದರದ ಕೆಳಗೆ ಬರೆದಿರುವ ಷರತ್ತು. ಒಂದು ಮನೆಗೆ ಮೂರು ದೊಡ್ಡ ಹಾಲಿನ ಜಾನುವಾರು, ಅಥವಾ ಮೂವತ್ತು ಸಣ್ಣವು, ಅಥವಾ ಮೂರು ಉಳುವ ಎತ್ತು. ಅದಕ್ಕಿಂತ ಹೆಚ್ಚು ಕಳೆದುಕೊಂಡಿದ್ದರೂ ನೆರವು ಅಲ್ಲಿಗೇ ನಿಲ್ಲುತ್ತದೆ. ಹೊಲದ ಜೊತೆಗೆ ಒಂದೆರಡು ಹಸು ಕಟ್ಟಿಕೊಂಡಿರುವ ರೈತನಿಗೆ ಈ ಮಿತಿ ಅಡ್ಡಿಯಾಗಲಾರದು. ಆದರೆ ಎಮ್ಮೆಯೇ ಹೊಲ, ಎಮ್ಮೆಯೇ ಬೆಳೆ, ಎಮ್ಮೆಯೇ ಮಗಳ ಮದುವೆಯ ಗಂಟು ಎಂದು ಬದುಕುವ ಗೌಳಿಯ ಮಾತೇನು? ಒಂದು ದಡ್ಡಿಯ ಮನೆಯಲ್ಲಿ ಹತ್ತು ಎಮ್ಮೆಗಳಿವೆಯೆಂದೂ ಹಳ್ಳ ಉಕ್ಕಿ ಏಳು ಕೊಚ್ಚಿಹೋದವೆಂದೂ ಇಟ್ಟುಕೊಳ್ಳಿ. ಮೂರಕ್ಕೆ 1,12,500 ರೂಪಾಯಿ ಬರುತ್ತದೆ, ಎಲ್ಲ ಕಾಗದವೂ ಸರಿಯಿದ್ದರೆ. ಉಳಿದ ನಾಲ್ಕು ಎಮ್ಮೆಗಳು ಆ ಮನೆಯಲ್ಲಿ ಇರಲೇ ಇಲ್ಲ ಎಂಬಂತೆ ಕಡತ ಮುಚ್ಚುತ್ತದೆ.

ಈಗ ಆ ಪಟ್ಟಿಯ ಶೀರ್ಷಿಕೆಯನ್ನು ಗಮನಿಸಿ. ಪಶುಸಂಗೋಪನೆಯ ಭಾಗಕ್ಕೆ ಕೊಟ್ಟಿರುವ ತಲೆಬರಹ 'ಸಣ್ಣ ಮತ್ತು ಅತಿಸಣ್ಣ ರೈತರಿಗೆ ನೆರವು' ಎಂದಾಗಿದೆ. ಸಣ್ಣ ರೈತ, ಅತಿಸಣ್ಣ ರೈತ ಎಂಬ ಪದಗಳು ಭೂಮಿಯ ಅಳತೆಯಿಂದ ಹುಟ್ಟಿದವು. ಎರಡು ಹೆಕ್ಟೇರ್‌ಗಿಂತ ಕೆಳಗೆ, ಒಂದು ಹೆಕ್ಟೇರ್‌ಗಿಂತ ಕೆಳಗೆ ಎಂದು ಅಳೆಯಲು ಮೊದಲು ಭೂಮಿ ಇರಬೇಕಲ್ಲವೇ? ಭೂಮಿಯೇ ಇಲ್ಲದೆ ಜಾನುವಾರು ಸಾಕುವವನನ್ನು ಈ ಶೀರ್ಷಿಕೆ ಹೆಸರೆತ್ತಿ ಕರೆಯುವುದಿಲ್ಲ. ಅವನನ್ನು ಒಳಗೆ ಸೇರಿಸುವುದೂ ಹೊರಗೆ ನಿಲ್ಲಿಸುವುದೂ ಮೇಜಿನ ಆಚೆ ಕುಳಿತವರ ಮನಸ್ಸಿಗೆ ಬಿಟ್ಟ ವಿಚಾರ. ಒಳ್ಳೆಯ ಅಧಿಕಾರಿ ಸಿಕ್ಕರೆ ದಾರಿ ಹುಡುಕಿಕೊಡುತ್ತಾರೆ. ಅಂಥವರನ್ನು ನಾನು ಕಂಡಿದ್ದೇನೆ. ಕಾಗದಕ್ಕೆ ಅಂಜುವವರು ಸಿಕ್ಕರೆ 'ಉತಾರ ತಂದಿದ್ದೀರಾ?' ಎಂಬುದೇ ಮೊದಲ ಪ್ರಶ್ನೆ. ಸತ್ತದ್ದು ಎಮ್ಮೆ, ಕೇಳುವುದು ಜಮೀನಿನ ಕಾಗದ!

ಇದು ಇಂದು ನಿನ್ನೆಯ ದೋಷವಲ್ಲ. ನಮ್ಮ ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1876ರಿಂದ 78ರ ಭೀಕರ ಬರಗಾಲ ಆ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನು ಹಿಂಡಿ ಹಾಕಿದ ಬಳಿಕ ಬ್ರಿಟಿಷ್ ಸರಕಾರ 1884ರಲ್ಲಿ ಕೃಷಿಕರ ಸಾಲದ ಕಾಯಿದೆಯನ್ನು ತಂದಿತು. ನಮ್ಮ ಅಜ್ಜಂದಿರು ತಗಾವಿ ಎನ್ನುತ್ತಿದ್ದ ಸಾಲಕ್ಕೆ ಆಧಾರ ಅದು. ಸಂಕಟ ನಿವಾರಣೆಗೆ, ಬೀಜ ಕೊಳ್ಳಲು, ದನ ಕೊಳ್ಳಲು ಸಾಲ ಕೊಡಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. ಯಾರಿಗೆ? ಸಾಗುವಳಿ ಭೂಮಿಯ ಒಡೆಯರಿಗೆ ಮತ್ತು ಅದನ್ನು ಅನುಭವಿಸುತ್ತಿರುವವರಿಗೆ. ಅಂದಿನ ಸರಕಾರಕ್ಕೆ ಬೇಕಾಗಿದ್ದುದು ಕಂದಾಯ; ಕಂದಾಯ ಬರುವುದು ಹೊಲದಿಂದ; ಹೊಲ ಉಳಲು ಎತ್ತು ಬೇಕು. ಎತ್ತಿನ ಮೇಲಿನ ಕಾಳಜಿಯ ಬೇರು ಅಲ್ಲಿತ್ತು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆಯಿತು, ವಿಪತ್ತಿನ ಕಾನೂನು ಬದಲಾಯಿತು, ಸಾಲದ ಜಾಗಕ್ಕೆ ನೆರವು ಬಂತು. ಜಾನುವಾರಿನ ಮೂಗುದಾರವನ್ನು ಜಮೀನಿನ ಗೂಟಕ್ಕೆ ಕಟ್ಟಿದ ಆ ಗಂಟು ಮಾತ್ರ ಬಿಚ್ಚಲಿಲ್ಲ.

ನಮ್ಮ ಈ ಪ್ರದೇಶದಲ್ಲಿ ಜಾನುವಾರು ಸಾಕುವವರು ಯಾರು ಎಂಬುದನ್ನು ನೆನೆದರೆ ಈ ಗಂಟಿನ ಬಿಗಿ ಅರ್ಥವಾಗುತ್ತದೆ. ಕಾಡಿನ ಅಂಚಿನ ದಡ್ಡಿಗಳಲ್ಲಿ ಎಮ್ಮೆಗಳೊಡನೆ ಬದುಕುವ ಧನಗರ ಗೌಳಿಗಳು. ಹಿಂದೂ, ಕ್ರೈಸ್ತ, ಮುಸ್ಲಿಮ್ ಮೂರೂ ಧರ್ಮಗಳಲ್ಲಿ ಹಂಚಿಹೋಗಿರುವ ಸಿದ್ದಿಗಳು. ಜೋಯಿಡಾದ ಕುಣಬಿಗಳು. ದಾಂಡೇಲಿಯ ಕಾಗದದ ಕಾರ್ಖಾನೆಯ ಸುತ್ತ ಕೂಲಿಗೆಂದು ಬಂದು ನೆಲೆಸಿ, ಹಿತ್ತಲಲ್ಲಿ ನಾಲ್ಕು ಆಡು ಕಟ್ಟಿಕೊಂಡ ಕುಟುಂಬಗಳು. ಸುಪಾ ಅಣೆಕಟ್ಟಿನ ನೀರಿಗೆ ಊರನ್ನೇ ಕೊಟ್ಟು ರಾಮನಗರಕ್ಕೆ ಬಂದವರು. ಇವರಲ್ಲಿ ಎಷ್ಟು ಮಂದಿಯ ಬಳಿ ತಮ್ಮ ಹೆಸರಿನ ಉತಾರವಿದೆ? ಇರುವ ತುಂಡು ಭೂಮಿಗೂ ಕಡತಗಳಲ್ಲಿರುವ ಹೆಸರು 'ಅತಿಕ್ರಮಣ'. ಜಿಲ್ಲೆಯ ಬಹುಪಾಲು ನೆಲ ಅರಣ್ಯ ಇಲಾಖೆಯ ಲೆಕ್ಕದಲ್ಲಿರುವಾಗ ಬಡವನೊಬ್ಬ ಎಲ್ಲಿ ಕೊಟ್ಟಿಗೆ ಕಟ್ಟಿದರೂ ಅತಿಕ್ರಮಣವಾಗುತ್ತದೆ. ಅತಿಕ್ರಮಣದ ಕೊಟ್ಟಿಗೆ ಕುಸಿದರೆ ಅದನ್ನು ಕೊಟ್ಟಿಗೆಯೆಂದು ಬರೆದುಕೊಳ್ಳಲು ತಲಾಟಿಗೆ ಕೈ ನಡುಗುತ್ತದೆ.

2006ರ ಅರಣ್ಯ ಹಕ್ಕು ಕಾಯಿದೆ ಇದಕ್ಕೆ ಒಂದು ಬಾಗಿಲನ್ನು ತೆರೆದಿತ್ತು. ಅದರ ಮೂರನೇ ಕಲಮಿನಲ್ಲಿ ಮೇವಿನ ಹಕ್ಕನ್ನು, ಒಂದೆಡೆ ನೆಲೆಸಿದವರದ್ದಾಗಲಿ ಅಲೆದಾಡುವವರದ್ದಾಗಲಿ, ಸಮುದಾಯದ ಹಕ್ಕೆಂದು ಎತ್ತಿ ಹೇಳಲಾಗಿದೆ. ಪಶುಪಾಲಕರ ಹೆಸರೇ ಅಲ್ಲಿದೆ. ಆದರೆ ಬಾಗಿಲಲ್ಲಿ ಇಬ್ಬರಿಗೆ ಎರಡು ಅಳತೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸವನ್ನು ತೋರಿಸಿದರೆ ಸಾಕು. ಗೌಳಿಗಳು ಆ ಸ್ಥಾನಮಾನವನ್ನು ಕೇಳುತ್ತಲೇ ಬಂದಿದ್ದಾರೆ, ಸಿಕ್ಕಿಲ್ಲ; ಆದುದರಿಂದ ಅವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ತರಬೇಕು. ಮೇವು ಮುಗಿದಲ್ಲಿಂದ ಮೇವಿದ್ದಲ್ಲಿಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನ ಅಜ್ಜ ಎಲ್ಲಿ ಕಾಗದ ಇಟ್ಟಿರುತ್ತಾನೆ? ಒಂದೇ ಕಾಡು, ಒಂದೇ ಹಳ್ಳದ ನೀರು, ಒಂದೇ ಹುಲಿಯ ಭಯ. ಪುರಾವೆಯ ಭಾರ ಮಾತ್ರ ಬೇರೆ ಬೇರೆ.

ವಿಪತ್ತಿನ ಸ್ವರೂಪವೂ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಆಗಿಲ್ಲ. ಜೋಯಿಡಾದಲ್ಲಿ ಮಳೆ ಸುರಿಯತೊಡಗಿದರೆ ಡಿಗ್ಗಿ, ಬಜಾರಕುಣಂಗದ ಕಡೆಯ ಹಳ್ಳಿಗಳಿಗೆ ಹಳ್ಳಕೊಳ್ಳಗಳೇ ಬಾಗಿಲು ಹಾಕಿಬಿಡುತ್ತವೆ. ಅಲ್ಲಿ ಸತ್ತ ಜಾನುವಾರಿನ ಮರಣೋತ್ತರ ಪರೀಕ್ಷೆಗೆ ಪಶುವೈದ್ಯರು ಬರುವಷ್ಟರಲ್ಲಿ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಮುಂಡಗೋಡ ಹಾಗಲ್ಲ. ಅದು ಹಾವೇರಿ, ಧಾರವಾಡದ ಬಯಲಿಗೆ ಮುಖ ಮಾಡಿದ ಅರೆಮಲೆನಾಡು. ಒಂದು ವರ್ಷ ಕೆರೆ ಬತ್ತುತ್ತದೆ, ಇನ್ನೊಂದು ವರ್ಷ ಕೆರೆ ಒಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಚಿಗಳ್ಳಿಯ ಒಡ್ಡು ಒಡೆದು ಕೆಳಗಿನ ಗದ್ದೆಗಳ ಮೇಲೆ ನೀರು ಹರಿದದ್ದನ್ನು ಅಲ್ಲಿಂದ ಬಂದವರು ಮರೆತಿರಲಾರರು. ಆ ವರ್ಷ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಗೆ ತುತ್ತಾದವು. 35 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟವೆಂದು ರಾಜ್ಯ ಅಂದಾಜಿಸಿತು. ಅಕ್ಟೋಬರ್‌ನಲ್ಲಿ ಕೇಂದ್ರ ಮೊದಲಿಗೆ ಬಿಡುಗಡೆ ಮಾಡಿದ್ದು 1,200 ಕೋಟಿ. ನಷ್ಟ ಮತ್ತು ನೆರವಿನ ನಡುವಿನ ಈ ಕಂದಕ ಬೆಂಗಳೂರಿನಿಂದ ಇಳಿಯುತ್ತಾ ಇಳಿಯುತ್ತಾ ದಡ್ಡಿಯನ್ನು ತಲುಪುವ ಹೊತ್ತಿಗೆ ಎಷ್ಟು ಅಗಲವಾಗುತ್ತದೆ ಎಂಬುದನ್ನು ಯಾವ ವರದಿಯೂ ಬರೆಯುವುದಿಲ್ಲ.

ದಾಂಡೇಲಿ ಈಚೆಗೆ ಹಳಿಯಾಳದಿಂದ ಬೇರ್ಪಟ್ಟು ತಾಲ್ಲೂಕಾಯಿತು. ಒಳ್ಳೆಯದೇ. ಆದರೆ ಜಿಲ್ಲಾ ಕೇಂದ್ರ ಘಟ್ಟದ ಕೆಳಗೆ ಕಾರವಾರದಲ್ಲಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವ ಹೋದಾಗ ಇಡೀ ದೇಶ ಅತ್ತ ನೋಡಿತು, ನೋಡಲೇಬೇಕಾಗಿತ್ತು. ಅಂಥ ದಿನಗಳಲ್ಲಿ ಘಟ್ಟದ ಮೇಲಿನ ಕಾಡಿನಲ್ಲಿ ಎರಡು ಎಮ್ಮೆ ಸತ್ತ ಸುದ್ದಿ ಯಾರ ಕಿವಿಗೂ ಬೀಳುವುದಿಲ್ಲ. ಅದನ್ನು ದೂರುತ್ತಿಲ್ಲ. ದೊಡ್ಡ ಸಾವಿನ ಎದುರು ಸಣ್ಣ ಸಾವು ಸುಮ್ಮನಾಗುತ್ತದೆ, ಆದರೆ ಆ ಮನೆಯ ಒಲೆ ಸುಮ್ಮನಾಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು, ವಿಪತ್ತೇ ಅಲ್ಲದ ವಿಪತ್ತುಗಳ ಮಾತು. ನೆರೆ, ಬರ, ಭೂಕುಸಿತ, ಚಂಡಮಾರುತ, ಆಲಿಕಲ್ಲು, ಬೆಂಕಿ ಇವೆಲ್ಲ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿವೆ. ಜಾನುವಾರುಗಳ ಸಾಂಕ್ರಾಮಿಕ ರೋಗ ಅದರಲ್ಲಿಲ್ಲ. ಮಳೆಗಾಲದಲ್ಲಿ ಎಮ್ಮೆಯ ಗಂಟಲು ಬಾತು ಒಂದೇ ದಿನದಲ್ಲಿ ಉಸಿರು ನಿಲ್ಲಿಸುವ ಗಳಲೆ ರೋಗ ನಿಮಗೆ ಗೊತ್ತು. ಅದು ನೆರೆಯ ನೀರಿನ ಬೆನ್ನಿಗೇ ಬಂದರೂ ನಿಯಮದ ಕಣ್ಣಿಗೆ ನೆರೆ ಬೇರೆ, ರೋಗ ಬೇರೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯವನ್ನು ವ್ಯಾಪಿಸಿದಾಗ ರಾಜ್ಯ ಸರಕಾರ ತನ್ನದೇ ಬೊಕ್ಕಸದಿಂದ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹಾಗೆಯೇ ಅನುಗ್ರಹ ಯೋಜನೆ. ಆಕಸ್ಮಿಕವಾಗಿ ಸಾಯುವ ಕುರಿ, ಆಡು, ಹಸು, ಎಮ್ಮೆ, ಎತ್ತುಗಳಿಗೆ ನೆರವು ಕೊಡುವ ಈ ಯೋಜನೆ ನಡುವೆ ನಿಂತುಹೋಗಿ 2023ರಲ್ಲಿ ಮರಳಿ ಬಂತು. 2025–26ರ ಬಜೆಟ್ಟಿನಲ್ಲಿ ದೊಡ್ಡ ಜಾನುವಾರಿಗೆ 10,000 ಇದ್ದುದನ್ನು 15,000ಕ್ಕೂ ಕುರಿ ಮತ್ತು ಆಡಿಗೆ 5,000 ಇದ್ದುದನ್ನು 7,500ಕ್ಕೂ ಏರಿಸಲಾಯಿತು. ಸರಕಾರ ಬದಲಾದಾಗ ನಿಂತು, ಸರಕಾರ ಬದಲಾದಾಗ ಹುಟ್ಟುವ ಯೋಜನೆಗೆ ನಾವು ಹಕ್ಕು ಎಂದು ಹೆಸರಿಡಲಾಗದು. ಅದು ಹೆಸರಿಗೆ ತಕ್ಕಂತೆ ಅನುಗ್ರಹವೇ!

ಹುಲಿ, ಚಿರತೆ ಹಿಡಿದ ಜಾನುವಾರಿನದು ಇನ್ನೊಂದು ಕಚೇರಿ, ಇನ್ನೊಂದು ಅರ್ಜಿ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವನ್ನು ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಅಲ್ಲಿ ಎಮ್ಮೆ ಸತ್ತದ್ದಕ್ಕಿಂತ ಮೊದಲು, ಎಮ್ಮೆ ಅಲ್ಲಿಗೆ ಏಕೆ ಹೋಗಿತ್ತು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಹೇಳಲು ಎಮ್ಮೆ ಬದುಕಿರುವುದಿಲ್ಲ.

ಬರಗಾಲದ ವಿಷಯ ಇವೆಲ್ಲಕ್ಕಿಂತ ಜಟಿಲ. ನೆರೆಯಲ್ಲಿ ಜಾನುವಾರು ಸಾಯುತ್ತದೆ. ಬರದಲ್ಲಿ ಅದು ಮಾರಾಟವಾಗುತ್ತದೆ. ಸತ್ತದ್ದಕ್ಕೆ ಪಂಚನಾಮೆ ಮಾಡಬಹುದು. ಮೇವಿಲ್ಲದೆ ಅರ್ಧ ಬೆಲೆಗೆ ಮಾರಿದ್ದಕ್ಕೆ ಯಾರು ಪಂಚನಾಮೆ ಮಾಡುತ್ತಾರೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು, ತಿಂಗಳುಗಟ್ಟಲೆ ಕಾದು 2024ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಬಂದ ಹಣದಲ್ಲಿ ಬೆಳೆನಷ್ಟದ ಪಾಲು ಹೇಗೆ ಹಂಚಿಕೆಯಾಯಿತೆಂಬುದನ್ನು ನೆನಪಿಸಿಕೊಳ್ಳಿ. ಫ್ರೂಟ್ಸ್ ಎಂಬ ದಾಖಲೆಯಲ್ಲಿ ರೈತನ ಹೆಸರು, ಭೂಮಿಯ ಸರ್ವೆ ನಂಬರು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವೆ; ಗುಂಡಿ ಒತ್ತಿದರೆ ಹಣ ಖಾತೆಗೆ ಹೋಗುತ್ತದೆ. ಮಧ್ಯವರ್ತಿಯಿಲ್ಲ, ಲಂಚವಿಲ್ಲ. ಇದು ನಿಜವಾಗಿಯೂ ಮೆಚ್ಚತಕ್ಕ ಏರ್ಪಾಡು. ಆದರೆ ಆ ಗುಂಡಿಗೆ ಗೊತ್ತಿರುವುದು ಸರ್ವೆ ನಂಬರು ಮಾತ್ರ. ಸರ್ವೆ ನಂಬರಿಲ್ಲದವನು ಬರಗಾಲದಲ್ಲಿ ಇದ್ದನೋ ಇಲ್ಲವೋ ಎಂಬುದೇ ಅದಕ್ಕೆ ತಿಳಿಯದು.

ಜಾನುವಾರಿಗೆ ಬರದಲ್ಲಿ ಏನಿದೆ ಎಂದರೆ, ಗೋಶಾಲೆ. ಅಲ್ಲಿ ಕಟ್ಟಿದ ದೊಡ್ಡ ಜಾನುವಾರಿಗೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ಎಂದು 2022ರ ಪಟ್ಟಿ ಹೇಳಿತು. ಅದು ಶಿಬಿರ ತೆರೆದರೆ ಮಾತ್ರ, ಅಲ್ಲಿಗೆ ಹೊಡೆದುಕೊಂಡು ಹೋದರೆ ಮಾತ್ರ. ಹತ್ತಾರು ಮೈಲಿ ದೂರದ ಶಿಬಿರಕ್ಕೆ ಎಮ್ಮೆಗಳನ್ನು ಹೊಡೆದುಕೊಂಡು ಹೋಗಿ, ಅಲ್ಲೇ ಮಲಗಿ, ಹಾಲನ್ನು ಎಲ್ಲಿ ಮಾರುವುದು?

ಇಲ್ಲಿ ಇನ್ನೊಂದು ಕಾನೂನು ಬಂದು ತಗಲಿಕೊಳ್ಳುತ್ತದೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯು ಯಾವ ವಯಸ್ಸಿನ ಹಸು, ಎತ್ತು, ಕರುವಿನ ವಧೆಯನ್ನೂ ನಿಷೇಧಿಸಿತು. ಎಮ್ಮೆ, ಕೋಣಗಳಿಗೆ 13 ವರ್ಷದ ಮಿತಿಯನ್ನಿಟ್ಟಿತು. ಈ ಕಾಯಿದೆಯ ಚರ್ಚೆ ನಮ್ಮ ರಾಜಕೀಯದಲ್ಲಿ ಯಾವಾಗಲೂ ಹಿಂದೂ–ಮುಸ್ಲಿಮ್ ಎಂಬ ಎರಡು ಕಂಬಗಳ ನಡುವೆ ನಡೆಯುತ್ತದೆ. ಕೊಟ್ಟಿಗೆಯೊಳಗೆ ನಿಂತು ಅದನ್ನು ಯಾರೂ ನೋಡಲಿಲ್ಲ. ವಿಪತ್ತಿನ ನಿಯಮ ಏನೆನ್ನುತ್ತದೆ? ಆರ್ಥಿಕವಾಗಿ ಉಪಯುಕ್ತವಾದ ಜಾನುವಾರಿಗೆ ಮಾತ್ರ ನೆರವು. ಅಂದರೆ ಮುದಿ ಎತ್ತು ನೆರೆಯಲ್ಲಿ ಸತ್ತರೆ ಅದಕ್ಕೆ ಬೆಲೆಯಿಲ್ಲ ಎನ್ನಲು ಅವಕಾಶವಿದೆ. ಅದೇ ಮುದಿ ಎತ್ತನ್ನು ಬರಗಾಲದಲ್ಲಿ ಮಾರಲು ಹೊರಟರೆ ಕೊಳ್ಳುವವನಿಲ್ಲ, ಕೊಂಡವನು ಸಾಗಿಸಲು ಹೆದರುತ್ತಾನೆ. ಒಂದು ಕಾನೂನು ಆ ಎತ್ತು ಶೂನ್ಯ ಎನ್ನುತ್ತದೆ, ಇನ್ನೊಂದು ಕಾನೂನು ಅದನ್ನು ಕೊನೆಯುಸಿರಿನ ತನಕ ಸಾಕು ಎನ್ನುತ್ತದೆ. ಸಾಕುವ ಖರ್ಚು ಯಾರದು ಎಂದು ಎರಡೂ ಹೇಳುವುದಿಲ್ಲ. ಈ ಖರ್ಚನ್ನು ಹೊತ್ತಿರುವವರಲ್ಲಿ ಹೆಚ್ಚಿನವರು ಹಿಂದೂ ರೈತರೇ ಎಂಬುದನ್ನು ವೇದಿಕೆಗಳಲ್ಲಿ ಗೋವಿನ ಹೆಸರೆತ್ತುವವರಿಗೆ ಯಾರು ತಿಳಿಸುವುದು?

ಸಹೋದರರೇ, ಇಷ್ಟು ಹೊತ್ತು ಸರಕಾರದ ಕಡೆಗೆ ಬೆರಳು ತೋರಿಸಿದೆ. ಇನ್ನು ಸ್ವಲ್ಪ ನಮ್ಮ ಕಡೆಗೂ ತಿರುಗಬೇಕಾಗಿದೆ. ವಿಪತ್ತು ಬಂದ ಮರುದಿನವೇ ಹಳ್ಳಿಗಳಲ್ಲಿ ಪ್ರತ್ಯಕ್ಷರಾಗುವ ಒಂದು ವರ್ಗವಿದೆ. ಅರ್ಜಿ ಬರೆದುಕೊಡುತ್ತೇನೆ, ಸಾಹೇಬರಿಗೆ ಹೇಳುತ್ತೇನೆ, ಬಂದ ಹಣದಲ್ಲಿ ಇಷ್ಟು ನನಗೆ ಎನ್ನುವವರು. ಇವರು ಹೊರಗಿನವರಲ್ಲ. ನಮ್ಮ ಜಮಾಅತಿನ ಸಾಲಿನಲ್ಲಿ ನಿಲ್ಲುವವರಿದ್ದಾರೆ, ನಿಮ್ಮ ದಡ್ಡಿಯ ಹಬ್ಬದಲ್ಲಿ ಉಣ್ಣುವವರಿದ್ದಾರೆ. ಎಮ್ಮೆ ಕಳೆದುಕೊಂಡ ವಿಧವೆಯ ಹಣದಲ್ಲಿ ಪಾಲು ಕೇಳುವುದು ಯಾವ ಧರ್ಮದಲ್ಲಿ ಹಲಾಲು? ಸಾಯದ ದನಕ್ಕೆ ಪಂಚನಾಮೆ ಬರೆಸುವವರೂ ಇವರೇ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 52ನೆಯ ಕಲಮಿನಲ್ಲಿ ಸುಳ್ಳು ನೆರವು ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವಿದೆ. ಸಿಕ್ಕಿಬೀಳುವವನು ಹೆಬ್ಬೆಟ್ಟು ಒತ್ತಿದ ಬಡವ, ಬರೆದುಕೊಟ್ಟವನಲ್ಲ. ಅಂಥ ಒಂದು ಸುಳ್ಳಿನಿಂದ ಮುಂದಿನ ಹತ್ತು ನಿಜವಾದ ಅರ್ಜಿಗಳ ಮೇಲೆ ಸಂಶಯದ ನೆರಳು ಬೀಳುತ್ತದೆ.

ಅದೇ ಕಾಯಿದೆಯ 61ನೆಯ ಕಲಮನ್ನೂ ನೀವು ತಿಳಿದಿರಬೇಕು. ವಿಪತ್ತಿನ ನೆರವಿನಲ್ಲಿ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದಲ್ಲಿ ತಾರತಮ್ಯ ಮಾಡಕೂಡದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸರಕಾರಕ್ಕೆ ಇದು ಅನ್ವಯಿಸುವಂತೆಯೇ, ಅಕ್ಕಿ ಹಂಚಲು ಹೊರಡುವ ನಮ್ಮ ಸಂಘಗಳ ಆತ್ಮಸಾಕ್ಷಿಗೂ ಅನ್ವಯಿಸಬೇಕು. ನೆರೆಯ ಸಮಯದಲ್ಲಿ ಕೊಟ್ಟ ಅಕ್ಕಿ, ಕಂಬಳಿ ದೊಡ್ಡ ಪುಣ್ಯವೇ. ಆದರೆ ಸಮುದಾಯವೇ ನೋಡಿಕೊಳ್ಳುತ್ತದೆ ಎಂಬ ನೆಪದಲ್ಲಿ ಕಚೇರಿಯ ಕಡತ ಮಲಗಬಾರದು. ಝಕಾತಿನಿಂದ ಒಂದು ಎಮ್ಮೆ ಕೊಡಿಸಬಹುದು. ಉತಾರವಿಲ್ಲದವನ ಎಮ್ಮೆಗೂ ನಿಯಮದಲ್ಲಿ ಜಾಗ ಮಾಡಿಸಲು ಝಕಾತಿಗೆ ಆಗದು. ಅದಕ್ಕೆ ಅರ್ಜಿ, ಗ್ರಾಮಸಭೆ, ಬೇಕಾದರೆ ನ್ಯಾಯಾಲಯ.

ಹಾಗಾದರೆ ಏನನ್ನು ಮಾಡಬೇಕು? ಮೊದಲನೆಯದಾಗಿ ಕಿವಿಯೋಲೆ. ಪಶುವೈದ್ಯ ಇಲಾಖೆ ಹಾಕುವ 12 ಅಂಕಿಯ ಹಳದಿ ಬಿಲ್ಲೆ ನಿಮ್ಮ ಎಮ್ಮೆಯ ಉತಾರ. ಕೊಚ್ಚಿಹೋದ ಎಮ್ಮೆಯ ಹೆಣ ಸಿಗದಿದ್ದರೂ ಆ ಅಂಕಿ ನಿಮ್ಮ ಹೆಸರಿನಲ್ಲಿ ಉಳಿದಿರುತ್ತದೆ. ಅನೇಕರು ಇದಕ್ಕೆ ಹಿಂಜರಿಯುತ್ತೀರಿ, ಕಾರಣವೂ ನನಗೆ ಅರ್ಥವಾಗುತ್ತದೆ. ಇಂದು ಎಣಿಕೆ ಕೊಟ್ಟರೆ ನಾಳೆ ಇಷ್ಟೊಂದು ಎಮ್ಮೆ ಕಾಡಿನಲ್ಲಿ ಮೇಯುತ್ತಿವೆಯೆಂದು ಅರಣ್ಯ ಇಲಾಖೆ ಬಾಗಿಲಿಗೆ ಬಂದೀತು ಎಂಬ ಭಯ. ಈ ಭಯ ಸುಳ್ಳಲ್ಲ. ಆದರೂ ನನ್ನ ಅಭಿಪ್ರಾಯ ಎಣಿಸಿಕೊಳ್ಳಿರಿ ಎಂದೇ. ಬಚ್ಚಿಟ್ಟ ಎಮ್ಮೆ ಹುಲಿಗೂ ಹೊಳೆಗೂ ಕಾಣುತ್ತದೆ, ಸರಕಾರಕ್ಕೆ ಮಾತ್ರ ಕಾಣುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೆಯ ಜಾನುವಾರು ಗಣತಿಯಲ್ಲಿ ಪಶುಪಾಲಕ ಸಮುದಾಯಗಳ ಜಾನುವಾರುಗಳನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ದಾಖಲಿಸಲು ಹೊರಟರು. ಎಣಿಕೆಗೆ ಬಂದ ಹಿಂಡೇ ನಾಳೆ ಮೇವಿನ ಹಕ್ಕಿನ ಅರ್ಜಿಗೂ ಸಾಕ್ಷಿಯಾಗಬಲ್ಲದು. ಅರಣ್ಯ ಹಕ್ಕಿನ ಅರ್ಜಿಯನ್ನು ಒಬ್ಬೊಬ್ಬರ ತುಂಡು ಭೂಮಿಗೆ ಮಾತ್ರ ಹಾಕಿ ಸೋಲುವ ಬದಲು, ದಡ್ಡಿಗೆ ದಡ್ಡಿಯೇ ಸೇರಿ ಮೇವಿಗಾಗಿ ಗ್ರಾಮಸಭೆಯ ಮುಂದೆ ಇಡಬೇಕು.

ಡೇರಿಗೆ ಹಾಲು ಹಾಕುವವರು ಆ ಪುಸ್ತಕವನ್ನು ಜೋಪಾನ ಮಾಡಿ. ಧಾರವಾಡ ಹಾಲು ಒಕ್ಕೂಟದ ಸಂಘದಲ್ಲಿ ನಿಮ್ಮ ಹೆಸರಿಗೆ ಲೀಟರ್ ಬರೆದಿದ್ದರೆ ನೀವು ಹೈನುಗಾರರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೋಟೆಲಿಗೆ, ಮನೆಗಳಿಗೆ ನೇರವಾಗಿ ಹಾಲು ಕೊಡುವವರಿಗೆ ಆ ಪುಸ್ತಕವೂ ಇಲ್ಲ, ಲೀಟರಿಗೆ ಐದು ರೂಪಾಯಿಯ ಪ್ರೋತ್ಸಾಹಧನವೂ ಇಲ್ಲ. ಅವರು ಒಂದು ಹೊತ್ತಿನ ಹಾಲನ್ನಾದರೂ ಸಂಘಕ್ಕೆ ಹಾಕುವುದು ಜಾಣತನ. ವಿಮೆಯ ಬಗ್ಗೆ ನಮ್ಮಲ್ಲಿ ಧಾರ್ಮಿಕ ಜಿಜ್ಞಾಸೆಯಿದೆ, ಅದನ್ನು ವಿದ್ವಾಂಸರಿಗೆ ಬಿಡುತ್ತೇನೆ. ಆದರೆ ರಾಷ್ಟ್ರೀಯ ಜಾನುವಾರು ಮಿಷನ್ನಿನಡಿ ಸಾಕಣೆದಾರನ ಕಂತಿನ ಪಾಲನ್ನು 2024ರ ಫೆಬ್ರವರಿಯಲ್ಲಿ ಶೇಕಡಾ 15ಕ್ಕೆ ಇಳಿಸಲಾಯಿತು ಎಂಬುದು ಎಲ್ಲರಿಗೂ ತಿಳಿದಿರಲಿ. ಅದಕ್ಕೂ ಕಿವಿಯೋಲೆಯೇ ಬೇಕು.

ಜಾನುವಾರು ಸತ್ತಾಗ ಹೂಳುವ ಅವಸರ ಬೇಡ. 1962ಕ್ಕೆ ಕರೆ ಮಾಡಿ, ಪಂಚಾಯತಿಗೂ ತಲಾಟಿಗೂ ತಿಳಿಸಿ. ಕಿವಿಯೋಲೆ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ದಾರಿ ಕಡಿದು ವೈದ್ಯರು ಬರಲಾಗದಿದ್ದರೆ ಅಕ್ಕಪಕ್ಕದ ಐದು ಮಂದಿಯ ಸಹಿಯೊಡನೆ ಅಂದೇ ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಹಳ್ಳದಲ್ಲಿ, ಎಷ್ಟು ಜಾನುವಾರು. ಮೂರಕ್ಕಿಂತ ಹೆಚ್ಚು ಸತ್ತಿದ್ದರೆ ಎಲ್ಲವನ್ನೂ ಬರೆಯಿರಿ. ಹಣ ಮೂರಕ್ಕೇ ಬರಲಿ, ದಾಖಲೆಯಲ್ಲಿ ಏಳೂ ಇರಲಿ. ಮಿತಿ ತಪ್ಪು ಎಂದು ನಾಳೆ ವಾದಿಸಲು ನಮ್ಮ ಕೈಯಲ್ಲಿರುವ ಏಕೈಕ ಆಯುಧ ಆ ಬರಹ.

ಸರಕಾರದ ಮುಂದೆ ನಾವಿಡುವ ಬೇಡಿಕೆ ದೊಡ್ಡದೇನಲ್ಲ. ಉತಾರವಿಲ್ಲದಿದ್ದರೂ ಕಿವಿಯೋಲೆಯುಳ್ಳ ಜಾನುವಾರಿನ ಒಡೆಯನನ್ನು ಸಣ್ಣ ರೈತನೆಂದೇ ಪರಿಗಣಿಸಬೇಕೆಂದು ರಾಜ್ಯ ಒಂದು ಸುತ್ತೋಲೆ ಹೊರಡಿಸಲಿ. ಪಶುಪಾಲನೆಯೇ ಕಸುಬಾದ ಮನೆಗಳಿಗೆ ಮೂರರ ಮಿತಿಯಾಚೆಗಿನ ನಷ್ಟವನ್ನು ರಾಜ್ಯ ತನ್ನ ಬೊಕ್ಕಸದಿಂದ ತುಂಬಲಿ. 2025ರ ಮಳೆಯಲ್ಲಿ ಬೆಳೆ ಕಳೆದುಕೊಂಡವರಿಗೆ ಕೇಂದ್ರದ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿಯನ್ನು ರಾಜ್ಯವೇ ಸೇರಿಸಿ ಕೊಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಬೆಳೆಗೆ ಸಾಧ್ಯವಾದದ್ದು ಎಮ್ಮೆಗೂ ಸಾಧ್ಯ. ಮೂರನೆಯದು, ಜೋಯಿಡಾದಂಥ ಕಡೆ ಮಳೆಗಾಲದಲ್ಲಿ ಪಶುವೈದ್ಯರ ಪ್ರಮಾಣಪತ್ರಕ್ಕೆ ಬದಲಾಗಿ ಪಂಚಾಯತಿಯ ಪಂಚನಾಮೆಯನ್ನೇ ಒಪ್ಪುವಂತಾಗಲಿ. ನಷ್ಟವನ್ನು ದೃಢೀಕರಿಸುವ ಅಧಿಕಾರಿ ಯಾರೆಂಬುದನ್ನು ನಿಯಮವೇ ರಾಜ್ಯ ಸರಕಾರದ ತೀರ್ಮಾನಕ್ಕೆ ಬಿಟ್ಟಿದೆ, ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ.

ಈ ಮೂರನ್ನೂ ಬರೆದ ಮನವಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಓದಿ, ಓದಲು ಬಾರದವರು ಪಕ್ಕದವರಿಂದ ಓದಿಸಿಕೊಂಡು ಸಹಿ ಮಾಡಿ. ಮಳೆಗಾಲ ಆರಂಭವಾಗುವ ಮೊದಲು ನಾಲ್ಕೂ ತಾಲ್ಲೂಕಿನ ತಹಸೀಲ್ದಾರರಿಗೆ ಒಂದೇ ದಿನ ಇದನ್ನು ಸಲ್ಲಿಸಬೇಕೆಂದಿದೆ. ನಿಮ್ಮ ದಡ್ಡಿಯಲ್ಲಿ, ಓಣಿಯಲ್ಲಿ ಎಷ್ಟು ಜಾನುವಾರುಗಳಿವೆ, ಎಷ್ಟಕ್ಕೆ ಕಿವಿಯೋಲೆಯಿಲ್ಲ ಎಂಬ ಪಟ್ಟಿಯನ್ನು ಹಿಂದೂ, ಮುಸ್ಲಿಮ್, ಸಿದ್ದಿ, ಗೌಳಿ ಎನ್ನದೆ ಮನೆಮನೆಗೆ ಹೋಗಿ ಬರೆದು ತರಲು ಪ್ರತಿ ಊರಿನಿಂದ ಇಬ್ಬರು ಯುವಕರು ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತಾ ನನ್ನ ಮಾತನ್ನು ನಿಲ್ಲಿಸುತ್ತೇನೆ. ಮುಂಡಗೋಡದ ಬಸ್ಸು ನಾಲ್ಕಕ್ಕೆ ಹೊರಡುತ್ತದಂತೆ. ಅಲ್ಲಿಯವರು ಮೊದಲು ಸಹಿ ಮಾಡಲಿ.